ಒಂದು ಡಿಶ್, ಎರಡು ಪೆಟ್ಟಿಗೆ: ಆಕಾಶದ ಸಿಗ್ನಲ್ ಹಂಚಿಕೊಂಡ ಕಥೆ

ಮನೆಗೆ ಎರಡನೆಯ ಟಿವಿ ಬರುವುದು ಹೆಚ್ಚಾಗಿ ಒಂದು ಜಗಳಕ್ಕೆ ಪರಿಹಾರವಾಗಿ. ಧಾರಾವಾಹಿಯ ಹೊತ್ತಿಗೇ ಕ್ರಿಕೆಟ್ ಪಂದ್ಯ ಇರುತ್ತದೆ, ರಿಮೋಟು ಒಂದೇ ಇರುತ್ತದೆ. ಕೊನೆಗೆ ಹೊಸ ಟಿವಿ ನಡುಮನೆಗೆ ಬಂದು ಹಳೆಯದು ಒಳಕೋಣೆ ಸೇರುತ್ತದೆ. ಅದಕ್ಕೊಂದು ಸೆಟ್ ಟಾಪ್ ಬಾಕ್ಸೂ ಬರುತ್ತದೆ. ತಾರಸಿಯ ಮೇಲೆ ಡಿಶ್ ಹೇಗೂ ಇದೆಯಲ್ಲ, ಅದೇ ತಂತಿಯಿಂದ ಇನ್ನೊಂದು ಕವಲು ತೆಗೆದರಾಯಿತು ಎಂದು ಮೂರು ಬಾಯಿಯ ಸಣ್ಣದೊಂದು ಸ್ಪ್ಲಿಟರ್ ಹಾಕುತ್ತಾರೆ. ಅಲ್ಲಿಗೆ ಹಳೆಯ ಜಗಳ ಮುಗಿದು ಹೊಸದೊಂದು ಶುರುವಾಗುತ್ತದೆ. ನಡುಮನೆಯವರು ಚಾನೆಲ್ ಬದಲಿಸಿದ ಕೂಡಲೇ ಒಳಕೋಣೆಯ ಚಿತ್ರ ಚೌಕಚೌಕವಾಗಿ ಒಡೆದು ನಿಂತುಬಿಡುತ್ತದೆ. ಸಿಗ್ನಲ್ ಇಲ್ಲ, ಅಥವಾ ದುರ್ಬಲವಾಗಿದೆ ಎಂಬ ಒಕ್ಕಣೆ ಪರದೆಯ ಮೇಲೆ ಬರುತ್ತದೆ.

ದುರ್ಬಲ ಎಂಬ ಈ ಮಾತನ್ನು ನಾವು ಯೋಚಿಸದೆ ನಂಬುತ್ತೇವೆ. ಇಬ್ಬರು ಹಂಚಿಕೊಂಡರೆ ಇಬ್ಬರಿಗೂ ಕಡಿಮೆಯಾಗುತ್ತದೆ ಎಂಬುದು ನೀರು, ಅನ್ನ, ಜಮೀನುಗಳ ಲೆಕ್ಕ. ಅದನ್ನೇ ಸಿಗ್ನಲ್ಲಿಗೂ ಹಚ್ಚುತ್ತೇವೆ. ಡಿಶ್ಶಿನ ತಂತಿಯಲ್ಲಿ ನಡೆಯುವುದು ಹೆಚ್ಚಿನ ಸಲ ಬೇರೆಯೇ. ಅದನ್ನು ತಿಳಿಯಲು ಎಲೆಕ್ಟ್ರಾನಿಕ್ಸ್ ಸ್ವಲ್ಪ ಬೇಕು, ಚರಿತ್ರೆ ಇನ್ನೂ ಸ್ವಲ್ಪ ಹೆಚ್ಚು ಬೇಕು. ಕಳೆದ ಐವತ್ತು ವರ್ಷಗಳಲ್ಲಿ ಆಕಾಶದಿಂದ ಬಂದ ಚಿತ್ರವನ್ನು ನಾವು ಮೂರು ಬಗೆಯಲ್ಲಿ ಹಂಚಿಕೊಂಡಿದ್ದೇವೆ: ಮೊದಲು ಗಡಿಯಾರ ನೋಡಿ, ಆಮೇಲೆ ಬೀದಿಬೀದಿಗೆ ತಂತಿ ಎಳೆದು, ಕೊನೆಗೆ ತಂತಿಯ ಮೂಲಕ ಮೇಲಕ್ಕೆ ಅಪ್ಪಣೆ ಕಳುಹಿಸಿ. ಒಂದು ಕಾಲದ ಅಭ್ಯಾಸವನ್ನು ಇನ್ನೊಂದು ಕಾಲದ ಸಲಕರಣೆಯ ಮೇಲೆ ಹೇರಿದಾಗ ಒಳಕೋಣೆಯ ಟಿವಿ ನಿಲ್ಲುತ್ತದೆ.

ಮೊದಲ ಹಂಚಿಕೆಯ ಕಥೆ ಕರ್ನಾಟಕದಲ್ಲಿ ನಡೆದದ್ದು ಬೆಂಗಳೂರಿನಲ್ಲಲ್ಲ, ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ. 1969ರಲ್ಲಿ ವಿಕ್ರಮ್ ಸಾರಾಭಾಯಿ ಅವರ ಮುಂದಾಳತ್ವದಲ್ಲಿ ಭಾರತದ ಅಣುಶಕ್ತಿ ಇಲಾಖೆ ಅಮೆರಿಕದ ನಾಸಾ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು. ನಾಸಾ ತನ್ನ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತದ ಕಡೆ ತಿರುಗಿಸಬೇಕು. ನೆಲದ ಮೇಲಿನ ಸಲಕರಣೆ, ಕಾರ್ಯಕ್ರಮ, ಜನ ಎಲ್ಲವೂ ಭಾರತದ್ದು. ಸೈಟ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ಪ್ರಯೋಗ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಸಮುದಾಯ ಟಿವಿಗಳು ಬಂದವು. ಆ ಉಪಗ್ರಹದ ಹೆಸರು ಎಟಿಎಸ್-6. ಬಾಹ್ಯಾಕಾಶದಲ್ಲಿ ಕೊಡೆಯಂತೆ ಬಿಚ್ಚಿಕೊಳ್ಳುವ ಮೂವತ್ತು ಅಡಿ ಅಗಲದ ಆಂಟೆನಾ ಅದಕ್ಕಿತ್ತು. ಹಳ್ಳಿಗಳಿಗೆ ಚಿತ್ರ ಕಳುಹಿಸುತ್ತಿದ್ದ ಅದರ ಟ್ರಾನ್ಸ್‌ಮಿಟರಿನ ಶಕ್ತಿ 80 ವ್ಯಾಟ್, ಹಳೆಯ ಕಾಲದ ಒಂದು ಬಲ್ಬಿನಷ್ಟು.

ಆ ಬಲ್ಬಿನಷ್ಟು ಶಕ್ತಿ 36,000 ಕಿಲೋಮೀಟರ್ ದೂರದಿಂದ ಇಡೀ ದೇಶದ ಮೇಲೆ ಹರಡಿ ಬಿದ್ದರೆ ಒಂದು ಹಳ್ಳಿಯ ಪಾಲಿಗೆ ಎಷ್ಟು ಬಂದೀತು? ಅದನ್ನು ಹಿಡಿಯಲು ಹತ್ತು ಅಡಿಯ ಡಿಶ್ ಬೇಕಾಯಿತು. ಕೋಳಿಗೂಡಿಗೆ ಹೊದಿಸುವ ಜಾಲರಿಯಿಂದ ನಮ್ಮ ಎಂಜಿನಿಯರುಗಳು ಅದನ್ನು ಮಾಡಿದರು. ಜಾಲರಿಯ ತೂತಿನಿಂದ ಸಿಗ್ನಲ್ ಸೋರಿಹೋಗುವುದಿಲ್ಲವೇ ಎಂದು ಯಾರಿಗಾದರೂ ಅನ್ನಿಸಬಹುದು. ಆ ಪ್ರಸಾರ ನಡೆದದ್ದು 860 ಮೆಗಾಹರ್ಟ್ಸ್‌ನಲ್ಲಿ. ಆ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಅಷ್ಟುದ್ದದ ಅಲೆಗೆ ಜಾಲರಿಯ ಸಣ್ಣ ತೂತು ಲೆಕ್ಕಕ್ಕೇ ಬರುವುದಿಲ್ಲ, ಅದಕ್ಕೆ ಜಾಲರಿಯೂ ತಗಡೂ ಒಂದೇ. ಇವತ್ತು ತಾರಸಿಯ ಮೇಲಿರುವ ಡಿಶ್ಶಿಗೆ ಬರುವ ಅಲೆ ಎರಡೂವರೆ ಸೆಂಟಿಮೀಟರಿನ ಆಸುಪಾಸಿನದು. ಹಾಗಾಗಿ ಡಿಶ್ ಎರಡು ಅಡಿಗೆ ಇಳಿದಿದೆ, ಜಾಲರಿ ಹೋಗಿ ನುಣುಪಾದ ತಗಡು ಬಂದಿದೆ.

ಸೈಟ್ ಪ್ರಯೋಗದಲ್ಲಿ ಆಕಾಶವನ್ನು ಹಂಚಿದ್ದು ಗಡಿಯಾರ. ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಗಿನ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆಯ ಎರಡೂವರೆ ಗಂಟೆ ಊರಿನವರಿಗೆ. ಬೆಳಗಿನ ಅವಧಿಯನ್ನು ಹಿಂದಿ, ಕನ್ನಡ, ಒಡಿಯಾ, ತೆಲುಗು ಎಂದು ನಾಲ್ಕು ಪಾಲು ಮಾಡಿದ್ದರು. ಒಂದೊಂದು ಭಾಷೆಗೆ ಇಪ್ಪತ್ತೆರಡೂವರೆ ನಿಮಿಷ. ಒಂದೇ ಚಿತ್ರದ ಜೊತೆ ಎರಡು ಭಾಷೆಯ ಧ್ವನಿ ಕಳುಹಿಸುವ ಏರ್ಪಾಡೂ ಇತ್ತು. ರಾಯಚೂರಿನ ಒಂದು ಹಳ್ಳಿಯ ಶಾಲೆಯಲ್ಲಿ ಕುಳಿತ ಮಕ್ಕಳಿಗೆ ಆಕಾಶದಲ್ಲಿ ಕನ್ನಡದ ಪಾಲು ಎಂದರೆ ಆ ಇಪ್ಪತ್ತೆರಡೂವರೆ ನಿಮಿಷ.

ಆ ಹಳ್ಳಿಯಲ್ಲಿ ಇನ್ನೊಂದು ಟಿವಿ ತಂದು ಅದೇ ಜಾಲರಿಗೆ ಜೋಡಿಸಿದ್ದರೆ ಏನಾಗುತ್ತಿತ್ತು? ಚಿತ್ರ ಸ್ವಲ್ಪ ಮಂಕಾಗುತ್ತಿತ್ತು, ಅಷ್ಟೇ. ಜಗಳವಂತೂ ಆಗುತ್ತಿರಲಿಲ್ಲ. ಬರುವುದು ಒಂದೇ ಚಿತ್ರ, ಇರುವುದು ಒಂದೇ ಚಾನೆಲ್. ಏನು ನೋಡಬೇಕು ಎಂಬುದನ್ನು ಅಹಮದಾಬಾದಿನ ಭೂಕೇಂದ್ರದಿಂದ ಹೊರಟ ಪ್ರಸಾರ ಮೊದಲೇ ತೀರ್ಮಾನಿಸಿರುತ್ತಿತ್ತು. ಆಯ್ಕೆ ಇಲ್ಲದ ಕಡೆ ಆಯ್ಕೆಗಳ ನಡುವೆ ಘರ್ಷಣೆ ಹುಟ್ಟುವುದಿಲ್ಲ. ಸೈಟ್ ಪ್ರಯೋಗವನ್ನು ಹೊಗಳುವವರೂ ತೆಗಳುವವರೂ ಮರೆಯಬಾರದ ಅಂಶವಿದು. ಆ ಸಮಾನತೆ ಬಂದದ್ದು ಎಲ್ಲರ ಕೈಯಿಂದಲೂ ರಿಮೋಟನ್ನು ಸಮನಾಗಿ ದೂರ ಇಟ್ಟದ್ದರಿಂದ.

1976ರ ಜುಲೈ ಮುಗಿಯಿತು, ಉಪಗ್ರಹವನ್ನು ಅಮೆರಿಕದ ಕಡೆಗೆ ವಾಪಸು ಸರಿಸಿದರು. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ದೂರದರ್ಶನ ಪ್ರಸಾರ ಶುರುವಾಯಿತು. ಬೆಂಗಳೂರಿಗೆ ಅದು ಬಂದದ್ದು 1981ರಲ್ಲಿ. ರಾಜಧಾನಿಗಿಂತ ಮೊದಲು ಗುಲ್ಬರ್ಗಾ ಟಿವಿ ನೋಡಿತು ಎಂಬುದಕ್ಕೆ ಸೈಟ್ ಕಾರಣ. ಜಾಲರಿಗಳ ಕಾಲ ಮುಗಿದು, ಮಾಳಿಗೆಯ ಮೇಲೆ ಮೀನಿನ ಮುಳ್ಳಿನಂತಹ ಆಂಟೆನಾಗಳು ಎದ್ದವು. ಒಬ್ಬರು ಮೇಲೆ ಹತ್ತಿ ಅದನ್ನು ತಿರುಗಿಸುವುದು, ಕೆಳಗಿನವರು "ಬಂತು, ಬಂತು, ಹೋಯ್ತು" ಎಂದು ಕೂಗುವುದು ಎಂಬತ್ತರ ದಶಕದ ಮನೆಮನೆಯ ಕೆಲಸವಾಗಿತ್ತು. ಆಗ ದುರ್ಬಲ ಸಿಗ್ನಲ್ ಎಂದರೆ ನಿಜಕ್ಕೂ ದುರ್ಬಲ ಸಿಗ್ನಲ್. ಅದು ಕಣ್ಣಿಗೇ ಕಾಣುತ್ತಿತ್ತು. ಚಿತ್ರದ ಮೇಲೆ ಚುಕ್ಕೆಗಳ ಮಳೆ ಹೆಚ್ಚುತ್ತ ಹೋಗುತ್ತಿತ್ತು, ಆದರೂ ಮುಖ ಗುರುತು ಸಿಗುತ್ತಿತ್ತು, ಮಾತು ಕೇಳಿಸುತ್ತಿತ್ತು.

ಎರಡನೆಯ ಹಂಚಿಕೆಗೆ ದಾರಿ ಮಾಡಿಕೊಟ್ಟ ಉಪಗ್ರಹದ್ದೂ ಒಂದು ಸ್ವಾರಸ್ಯದ ಜಾತಕ. 1984ರ ಫೆಬ್ರವರಿಯಲ್ಲಿ ವೆಸ್ಟಾರ್-6 ಎಂಬ ಅಮೆರಿಕನ್ ಉಪಗ್ರಹವನ್ನು ಬಾಹ್ಯಾಕಾಶ ನೌಕೆಯಿಂದ ಬಿಟ್ಟರು. ಅದು ಸೇರಬೇಕಾದ ಕಕ್ಷೆ ಸೇರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಡಿಸ್ಕವರಿ ನೌಕೆಯ ಯಾತ್ರಿಗಳು ಅದನ್ನು ಹಿಡಿದು ಭೂಮಿಗೆ ವಾಪಸು ತಂದರು. ದುರಸ್ತಿಯಾಗಿ, ಮಾರಾಟವಾಗಿ, ಏಷ್ಯಾಸ್ಯಾಟ್-1 ಎಂಬ ಹೊಸ ಹೆಸರಿನಲ್ಲಿ 1990ರ ಏಪ್ರಿಲ್‌ನಲ್ಲಿ ಅದು ಚೀನಾದ ರಾಕೆಟ್ ಏರಿ ಮತ್ತೆ ಮೇಲೆ ಹೋಯಿತು. ಮರುವರ್ಷ ಸ್ಟಾರ್ ಟಿವಿಯ ಚಾನೆಲ್ಲುಗಳು ಅದರಿಂದ ಸುರಿಯತೊಡಗಿದವು. 1991ರ ಕೊಲ್ಲಿ ಯುದ್ಧವನ್ನು ಸಿಎನ್‌ಎನ್‌ನಲ್ಲಿ ದೊಡ್ಡ ಹೋಟೆಲ್ಲುಗಳ ಡಿಶ್ ಮೂಲಕ ನೋಡಿದ ನಗರಗಳಿಗೆ ಆಗಲೇ ರುಚಿ ಹತ್ತಿತ್ತು. 1992ರಲ್ಲಿ ಝೀ ಬಂತು, 1994ರಲ್ಲಿ ಉದಯ ಟಿವಿಯೊಂದಿಗೆ ಕನ್ನಡಕ್ಕೂ ಖಾಸಗಿ ಉಪಗ್ರಹ ವಾಹಿನಿ ಸಿಕ್ಕಿತು.

ಆದರೆ ಎಂಟು ಹತ್ತು ಅಡಿಯ ಡಿಶ್ಶನ್ನು ಪ್ರತಿ ಮನೆಯೂ ಕೊಳ್ಳುವಂತಿರಲಿಲ್ಲ. ಬೀದಿಗೊಬ್ಬ ಕೇಬಲ್‌ನವನು ಹುಟ್ಟಿಕೊಂಡದ್ದು ಹೀಗೆ. ವಿಡಿಯೋ ಕ್ಯಾಸೆಟ್ ಹಾಕಿ ನಾಲ್ಕಾರು ಮನೆಗೆ ತಂತಿ ಎಳೆದಿದ್ದವರು ಈಗ ತಾರಸಿಯ ಮೇಲೆ ಡಿಶ್ ನಿಲ್ಲಿಸಿದರು. ಅವನ ಕೋಣೆಯಲ್ಲಿ ಏನು ನಡೆಯುತ್ತಿತ್ತು ಎಂಬುದು ನಮ್ಮ ಕಥೆಗೆ ಮುಖ್ಯ. ಅಲ್ಲಿ ಒಂದೊಂದು ಚಾನೆಲ್ಲಿಗೂ ಒಂದೊಂದು ರಿಸೀವರ್ ಪೆಟ್ಟಿಗೆ ಇರುತ್ತಿತ್ತು. ಪ್ರತಿ ಪೆಟ್ಟಿಗೆಯಿಂದ ಹೊರಟ ಚಿತ್ರವನ್ನು ಬೇರೆ ಬೇರೆ ತರಂಗಾಂತರಕ್ಕೆ ಏರಿಸಿ, ಎಲ್ಲವನ್ನೂ ಒಟ್ಟುಗೂಡಿಸಿ, ಒಂದೇ ತಂತಿಗೆ ಬಿಡುತ್ತಿದ್ದ. ಅಂದರೆ ಮನೆಗೆ ಬರುವ ತಂತಿಯಲ್ಲಿ ಎಲ್ಲ ಚಾನೆಲ್ಲುಗಳೂ ಏಕಕಾಲಕ್ಕೆ, ಅಕ್ಕಪಕ್ಕದಲ್ಲಿ ಹರಿಯುತ್ತಿದ್ದವು. ಟಿವಿ ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಿತ್ತು. ಆಕಾಶದೊಡನೆ ವ್ಯವಹಾರವೆಲ್ಲ ಅವನ ಕೋಣೆಯಲ್ಲೇ ಮುಗಿದಿರುತ್ತಿತ್ತು. ಮನೆಯ ತಂತಿ ಕೆಳಮುಖವಾಗಿ ಮಾತ್ರ ಹರಿಯುವ ಕಾಲುವೆ.

ಕಾಲುವೆಗೆ ಎಷ್ಟು ಕವಲು ಬೇಕಾದರೂ ತೆಗೆಯಬಹುದು. ಕಂಬದಿಂದ ಮನೆಗೆ ಒಂದು ಸ್ಪ್ಲಿಟರ್, ಮನೆಯೊಳಗೆ ಇನ್ನೊಂದು, ಮೇಲಿನ ಮಹಡಿಯ ಬಾಡಿಗೆಯವರಿಗೆ ಮತ್ತೊಂದು. ಸಾಲಿನ ಕೊನೆಯ ಮನೆಗೆ ಚುಕ್ಕೆ ಹೆಚ್ಚಾದರೆ ನಡುವೆ ಒಂದು ಆಂಪ್ಲಿಫೈಯರ್ ಸಿಕ್ಕಿಸಿದರೆ ಸರಿಹೋಗುತ್ತಿತ್ತು. ಹಂಚಿದಷ್ಟೂ ಕಡಿಮೆ, ಕಡಿಮೆಯಾದರೆ ಬೂಸ್ಟರ್ ಹಾಕು: ಸುಮಾರು ಎರಡು ದಶಕ ನಾವು ಕಲಿತ ಪಾಠ ಇದೇ. ಆ ಕಾಲದ ಸ್ಪ್ಲಿಟರುಗಳು ಈಗಲೂ ಮನೆಮನೆಯ ಡ್ರಾಯರಿನಲ್ಲಿ, ತುಕ್ಕು ಹಿಡಿದ ಮೊಳೆಗಳ ಜೊತೆ ಬಿದ್ದಿವೆ. ಅವುಗಳ ಮೈಮೇಲೆ 5–1000 ಮೆಗಾಹರ್ಟ್ಸ್ ಎಂದೋ ಅದರ ಆಸುಪಾಸಿನ ಅಂಕಿಯೋ ಅಚ್ಚಾಗಿರುತ್ತದೆ. ಆ ಅಂಕಿಗೆ ಆಮೇಲೆ ಬರುತ್ತೇನೆ.

ಮೂರನೆಯ ಹಂಚಿಕೆ ತಡವಾಗಿ ಬಂತು. ಉಪಗ್ರಹದಿಂದ ನೇರವಾಗಿ ಮನೆಗೆ ಚಾನೆಲ್ ಕೊಡುವ ತಂತ್ರ ತೊಂಬತ್ತರ ದಶಕದಲ್ಲೇ ಸಿದ್ಧವಿತ್ತು. ಆದರೆ 1997ರಲ್ಲಿ ಕೇಂದ್ರ ಸರ್ಕಾರ ಕೆಯು ಬ್ಯಾಂಡ್ ಡಿಟಿಎಚ್ ಸಲಕರಣೆಗಳನ್ನೇ ನಿಷೇಧಿಸಿತು. ನಿಯಮಾವಳಿ ರೂಪುಗೊಂಡು ಬಾಗಿಲು ತೆರೆದದ್ದು 2001ರಲ್ಲಿ. 2003ರಲ್ಲಿ ಡಿಶ್ ಟಿವಿ ಶುರುವಾಯಿತು. 2004ರ ಡಿಸೆಂಬರಿನಲ್ಲಿ ದೂರದರ್ಶನದ ಉಚಿತ ಸೇವೆ ಡಿಡಿ ಡೈರೆಕ್ಟ್ ಪ್ಲಸ್ ಬಂತು, ಆಮೇಲೆ ಟಾಟಾ ಸ್ಕೈ, ಸನ್ ಡೈರೆಕ್ಟ್, ಏರ್‌ಟೆಲ್. ಕೇಬಲ್‌ನವನ ಕೋಣೆಯಲ್ಲಿದ್ದ ರಿಸೀವರ್ ಈಗ ನಮ್ಮ ಟಿವಿಯ ಪಕ್ಕಕ್ಕೆ ಬಂದು ಕೂತಿತು. ಅದರ ಜೊತೆಗೇ ಆಕಾಶದೊಡನೆ ವ್ಯವಹರಿಸುವ ಹೊಣೆಯೂ ನಮ್ಮ ಮನೆಗೆ ಬಂತು. ಇದನ್ನು ಮಾತ್ರ ಯಾರೂ ಬಿಡಿಸಿ ಹೇಳಲಿಲ್ಲ. ತಂತಿ ನೋಡಲು ಅದೇ ಕಪ್ಪು ತಂತಿ. ತಿರುಪು ಹಾಕುವ ಕನೆಕ್ಟರೂ ಹೆಚ್ಚುಕಡಿಮೆ ಅದೇ. ಒಳಗೆ ನಡೆಯುವ ಸಂಗತಿ ಮಾತ್ರ ತಿರುವುಮುರುವಾಗಿತ್ತು.

ಡಿಶ್ಶಿನ ಎದುರಿಗೆ ತೋಳಿನ ತುದಿಯಲ್ಲಿ ಕೂತಿರುವ ಪುಟ್ಟ ಡಬ್ಬಿಗೆ ಎಲ್‌ಎನ್‌ಬಿ ಎನ್ನುತ್ತಾರೆ. ಡಿಶ್ ಒಟ್ಟುಮಾಡಿ ಕೊಟ್ಟ ಕ್ಷೀಣ ಅಲೆಗಳನ್ನು ಅದು ಹಿಗ್ಗಿಸುತ್ತದೆ, ಜೊತೆಗೆ ತಂತಿಯಲ್ಲಿ ಸಾಗಬಲ್ಲ 950ರಿಂದ 2150 ಮೆಗಾಹರ್ಟ್ಸ್ ತರಂಗಾಂತರಕ್ಕೆ ಇಳಿಸುತ್ತದೆ. ಇಲ್ಲೊಂದು ಇಕ್ಕಟ್ಟಿದೆ. ಉಪಗ್ರಹ ಕಳುಹಿಸುವುದು ತಂತಿಯ ಆ ಅಗಲಕ್ಕೆ ಹಿಡಿಸುವುದಿಲ್ಲ. ಒಂದೇ ತರಂಗಾಂತರವನ್ನು ಎರಡು ಸಲ ಬಳಸಲು ಉಪಗ್ರಹ ಕೆಲವು ಅಲೆಗಳನ್ನು ನೆಟ್ಟಗೆ ನಿಂತಂತೆ, ಕೆಲವನ್ನು ಅಡ್ಡ ಮಲಗಿದಂತೆ ಕಳುಹಿಸುತ್ತದೆ. ಇದೇ ಧ್ರುವೀಕರಣ. ಇದರ ಮೇಲೆ ತರಂಗಾಂತರಗಳಲ್ಲೂ ಕೆಳಗಿನ ಪಟ್ಟಿ, ಮೇಲಿನ ಪಟ್ಟಿ ಎಂದು ಎರಡು ಭಾಗ. ಹೀಗೆ ಆಕಾಶದಲ್ಲಿ ನಾಲ್ಕು ಪಾಲು ಸರಕಿದ್ದರೆ ತಂತಿಯಲ್ಲಿ ಒಮ್ಮೆಗೆ ಹಿಡಿಸುವುದು ಒಂದೇ ಪಾಲು.

ಯಾವ ಪಾಲು ಬೇಕೆಂದು ಹೇಳುವುದು ನಿಮ್ಮ ಪೆಟ್ಟಿಗೆ. ಅದು ಅದೇ ತಂತಿಯ ಮೂಲಕ ಎಲ್‌ಎನ್‌ಬಿಗೆ ವಿದ್ಯುತ್ತನ್ನು ಮೇಲೆ ಕಳುಹಿಸುತ್ತದೆ. 13 ವೋಲ್ಟ್ ಹೋದರೆ ನೆಟ್ಟಗಿನ ಅಲೆಗಳು ಬೇಕೆಂದು ಅರ್ಥ, 18 ವೋಲ್ಟ್ ಹೋದರೆ ಅಡ್ಡ ಅಲೆಗಳು. ಮೇಲಿನ ಪಟ್ಟಿ ಬೇಕಿದ್ದರೆ ಆ ವಿದ್ಯುತ್ತಿನ ಮೇಲೆ 22 ಕಿಲೋಹರ್ಟ್ಸ್‌ನ ಸಣ್ಣದೊಂದು ಮಿಡಿತ. ನೀವು ಚಾನೆಲ್ ಬದಲಿಸಿದಾಗ, ಹೊಸ ಚಾನೆಲ್ ಬೇರೆ ಪಾಲಿನಲ್ಲಿದ್ದರೆ, ನಿಮ್ಮ ಅಪ್ಪಣೆ ತಾರಸಿಯವರೆಗೂ ಹೋಗಿ ಬರುತ್ತದೆ. ಕೇಬಲ್ ಕಾಲದ ತಂತಿಯಲ್ಲಿ ಇಂಥ ಮೇಲ್ಮುಖದ ಮಾತು ಇರಲೇ ಇಲ್ಲ.

ಈಗ ನಡುವೆ ಸ್ಪ್ಲಿಟರ್ ಹಾಕಿ. ಎರಡು ಪೆಟ್ಟಿಗೆಗಳು, ಎರಡು ಅಪ್ಪಣೆಗಳು, ಕೇಳುವ ಕಿವಿ ಒಂದೇ. ಎರಡೂ ಕವಲುಗಳಿಂದ ವಿದ್ಯುತ್ ಹಾಯಲು ಬಿಡುವ ಸ್ಪ್ಲಿಟರಿನಲ್ಲಿ ಹೆಚ್ಚು ವೋಲ್ಟ್ ಕಳುಹಿಸಿದ ಪೆಟ್ಟಿಗೆ ಗೆಲ್ಲುತ್ತದೆ. ಒಂದು 18, ಇನ್ನೊಂದು 13 ಎಂದರೆ ಎಲ್‌ಎನ್‌ಬಿಗೆ ಕೇಳಿಸುವುದು 18 ಮಾತ್ರ. 13 ಕಳುಹಿಸಿದ ಕೋಣೆಗೆ ಅದು ಕೇಳದ ಪಾಲು ಬಂದು ಬೀಳುತ್ತದೆ. ಅದರಲ್ಲಿ ತನ್ನ ಚಾನೆಲ್ ಸಿಗದ ಪೆಟ್ಟಿಗೆ ಸಿಗ್ನಲ್ ಇಲ್ಲ ಎಂದು ಬರೆಯುತ್ತದೆ. ಆ ಹೊತ್ತಿಗೆ ಅದರ ತಂತಿಯಲ್ಲಿ ಸಿಗ್ನಲ್ ಧಾರಾಳವಾಗಿಯೇ ಇರುತ್ತದೆ, ಇನ್ನೊಬ್ಬರದು.

ಹಂಚುವುದರಿಂದ ನಿಜಕ್ಕೂ ಎಷ್ಟು ಕಡಿಮೆಯಾಗುತ್ತದೆ ಎಂದೂ ನೋಡೋಣ. ಎರಡು ಕವಲಿನ ಸ್ಪ್ಲಿಟರ್ ಶಕ್ತಿಯನ್ನು ಅರ್ಧ ಮಾಡುತ್ತದೆ, ಅಂದರೆ 3 ಡೆಸಿಬೆಲ್. ತನ್ನದೂ ಒಂದಿಷ್ಟು ನಷ್ಟ ಸೇರಿಸುತ್ತದೆ. ಆದರೆ ಅದಕ್ಕೂ ಮೊದಲೇ ಎಲ್‌ಎನ್‌ಬಿ ಆ ಸಿಗ್ನಲ್ಲನ್ನು 50ರಿಂದ 60 ಡೆಸಿಬೆಲ್‌ನಷ್ಟು, ಎಂದರೆ ಒಂದು ಲಕ್ಷದಿಂದ ಹತ್ತು ಲಕ್ಷ ಪಟ್ಟು ಹಿಗ್ಗಿಸಿರುತ್ತದೆ. ಲಕ್ಷ ಪಟ್ಟಿನಲ್ಲಿ ಅರ್ಧ ಹೋದರೆ ಐವತ್ತು ಸಾವಿರ ಪಟ್ಟು ಉಳಿಯಿತು. ಅರ್ಧವಾಗುವಾಗ ಸಿಗ್ನಲ್ಲಿನ ಜೊತೆ ಬಂದ ಗದ್ದಲವೂ ಅರ್ಧವಾಗುತ್ತದೆ, ಹಾಗಾಗಿ ಅವೆರಡರ ಅನುಪಾತ ಹೆಚ್ಚು ಕೆಡುವುದಿಲ್ಲ. ತಂತಿ ಗಟ್ಟಿಯಿದ್ದು, ದೂರ ಹತ್ತಿಪ್ಪತ್ತು ಮೀಟರ್ ಒಳಗಿದ್ದರೆ, ಅರ್ಧವಾದದ್ದಷ್ಟೇ ಚಿತ್ರವನ್ನು ಕೊಲ್ಲುವುದು ಅಪರೂಪ. ಬೂಸ್ಟರ್ ಹಾಕಿದರೂ ಈ ತೊಂದರೆ ಹೋಗದಿರಲು ಕಾರಣ ಇದೇ. ಅದು ಇನ್ನೊಬ್ಬರ ಪಾಲನ್ನೇ ದೊಡ್ಡದು ಮಾಡಿ ಕೊಡುತ್ತದೆ.

ಈ ಮಾತು ನನಗೆ ಮನದಟ್ಟಾದದ್ದು ಸೈಟ್ ಪ್ರಯೋಗವನ್ನು ನೆನಪಿಟ್ಟುಕೊಂಡವರನ್ನು ಹುಡುಕುತ್ತ ಕಲಬುರಗಿ ಜಿಲ್ಲೆಯ ಊರುಗಳಲ್ಲಿ ತಿರುಗುವಾಗ. ಒಂದು ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಶಾಲೆಯ ಕಟ್ಟೆಯ ಮೇಲೆ ಕೂತು ಟಿವಿ ನೋಡಿದ್ದನ್ನು ಹೇಳುತ್ತ, ಮಾತು 2020ಕ್ಕೆ ಬಂತು. ಆ ವರ್ಷ ಕೊರೋನಾದಿಂದ ಶಾಲೆಗಳು ಮುಚ್ಚಿದ್ದವು. ಪ್ರೌಢಶಾಲೆಯ ಮಕ್ಕಳಿಗೆ 'ಸಂವೇದ' ಎಂಬ ಹೆಸರಿನಲ್ಲಿ ಚಂದನ ವಾಹಿನಿಯಲ್ಲಿ ಪಾಠಗಳು ಬರುತ್ತಿದ್ದವು. ಅವರ ಮೊಮ್ಮಗಳು ಆಗ ಒಂಬತ್ತನೆಯ ತರಗತಿ. ಮನೆಯಲ್ಲಿದ್ದದ್ದು ಒಂದೇ ಮೊಬೈಲು, ಅದೂ ಅಪ್ಪನ ಜೊತೆ ಹೊಲಕ್ಕೆ ಹೋಗುತ್ತಿತ್ತು. ಪಾಠಕ್ಕೆಂದೇ ಎರಡನೆಯ ಪೆಟ್ಟಿಗೆ ತಂದು, ಹಳೆಯ ಟಿವಿಗೆ ಜೋಡಿಸಿ, ಒಳಗೆ ಇಟ್ಟರು. ಹೊರಗೆ ಅಜ್ಜಿ ಧಾರಾವಾಹಿಯ ಮರುಪ್ರಸಾರ ನೋಡುತ್ತಿದ್ದರು.

"ನಾ ಹಚ್ಚಿದ್ರ ಆಕಿದು ಹೋಗ್ತಿತ್ತು ನೋಡಪಾ," ಎಂದರು ಅಜ್ಜಿ. "ಆಕಿ ಹಚ್ಚಿದ್ರ ನಂದೇನೂ ಹೋಗ್ತಿರ್ಲಿಲ್ಲ. ಸಿಗ್ನಲ್ ವೀಕ್ ಅದ ಅಂತ ಹೇಳಿ ಹೋದ್ರು, ಬಂದವ್ರು."

ವೀಕ್ ಸಿಗ್ನಲ್ಲಿಗೆ ಇಂಥ ಪಕ್ಷಪಾತ ಇರುವುದಿಲ್ಲ. ಶಕ್ತಿ ಸಾಲದೆ ಹೋಗಿದ್ದರೆ ಇಬ್ಬರದೂ ಹೋಗಬೇಕಿತ್ತು, ಇಲ್ಲವೇ ಯಾರು ಹಚ್ಚಿದರೂ ಬಿಟ್ಟರೂ ಒಳಗಿನದು ಒಂದೇ ರೀತಿ ಕೆಟ್ಟಿರಬೇಕಿತ್ತು. ಒಬ್ಬರು ಹಚ್ಚಿದಾಗ ಇನ್ನೊಬ್ಬರದು ಹೋಗಿ, ಅದೇ ತಿರುಗಿಸಿ ನೋಡಿದರೆ ಏನೂ ಆಗುವುದಿಲ್ಲ ಎಂದರೆ ಅದು 18 ಮತ್ತು 13ರ ಲೆಕ್ಕ. ಅಜ್ಜಿಯ ಚಾನೆಲ್ 18ರ ಪಾಲಿನಲ್ಲಿತ್ತು, ಹುಡುಗಿಯ ಪಾಠ 13ರ ಪಾಲಿನಲ್ಲಿ. ಅಜ್ಜಿ ಒಂದು ಮಾತಿನಲ್ಲಿ ರೋಗದ ಲಕ್ಷಣವನ್ನು ಪೂರ್ತಿ ಹೇಳಿದ್ದರು, ಕೇಳಿಸಿಕೊಂಡವರು ಮಾತ್ರ ಕೇಬಲ್ ಕಾಲದ ಕಿವಿಯಿಂದ ಕೇಳಿದ್ದರು. ಬೂಸ್ಟರಿಗೂ ದುಡ್ಡು ಖರ್ಚಾಗಿತ್ತು. ಹುಡುಗಿ ಎಷ್ಟೋ ಪಾಠಗಳನ್ನು ಅರ್ಧಂಬರ್ಧ ನೋಡಿದ್ದಳು. ಅಜ್ಜಿ ಟಿವಿ ಆರಿಸಿ ಎದ್ದುಹೋದ ದಿನ ಮಾತ್ರ ಪಾಠ ಪೂರ್ತಿ ಬರುತ್ತಿತ್ತಂತೆ. ಅದನ್ನವರು ಮೊಮ್ಮಗಳ ಅದೃಷ್ಟ ಎಂದುಕೊಂಡಿದ್ದರು.

ಹಾಗಾದರೆ ಇಂಥ ಮನೆಯಲ್ಲಿ ಏನನ್ನು ನೋಡಬೇಕು? ಬಿಚ್ಚುವ ಮೊದಲು ಗಮನಿಸಬೇಕು. ಮೊದಲ ಪೆಟ್ಟಿಗೆಯನ್ನು ರಿಮೋಟಿನಿಂದಲ್ಲ, ಗೋಡೆಯ ಸ್ವಿಚ್ಚಿನಿಂದಲೇ ಆರಿಸಿ. ನಿದ್ದೆಯಲ್ಲಿರುವಂತೆ ಕಾಣುವ ಪೆಟ್ಟಿಗೆಯೂ ಕೆಲವೊಮ್ಮೆ ವಿದ್ಯುತ್ ಕಳುಹಿಸುತ್ತಲೇ ಇರುತ್ತದೆ. ಆಗ ಎರಡನೆಯದರಲ್ಲಿ ಎಲ್ಲ ಚಾನೆಲ್ಲೂ ಸರಿಯಾಗಿ ಬಂದರೆ ರೋಗ ಅಪ್ಪಣೆಗಳ ಘರ್ಷಣೆ. ಅದಕ್ಕೆ ಮದ್ದು ಎರಡು ಬಾಯಿಯ ಎಲ್‌ಎನ್‌ಬಿ ಮತ್ತು ಒಳಕೋಣೆಗೆ ಪ್ರತ್ಯೇಕವಾದ ಇನ್ನೊಂದು ತಂತಿ. ಅದರೊಳಗೆ ಎರಡು ಸ್ವತಂತ್ರ ಕಿವಿಗಳಿವೆ, ಒಂದೊಂದೂ ತನ್ನ ಪೆಟ್ಟಿಗೆಯ ಮಾತನ್ನಷ್ಟೇ ಕೇಳುತ್ತದೆ. ಮೂರು, ನಾಲ್ಕು ಟಿವಿ ಇರುವ ಮನೆಗೆ ನಾಲ್ಕು ಬಾಯಿಯದು, ವಠಾರಕ್ಕೆ ಮಲ್ಟಿಸ್ವಿಚ್.

ಮೊದಲ ಪೆಟ್ಟಿಗೆ ಆರಿಸಿದ ಕೂಡಲೇ ಎರಡನೆಯದು ಪೂರ್ತಿ ಸತ್ತರೆ, ಸ್ಪ್ಲಿಟರಿನ ಒಂದು ಕವಲಿನಿಂದ ಮಾತ್ರ ವಿದ್ಯುತ್ ಹಾಯುತ್ತಿದೆ ಎಂದರ್ಥ. ಎರಡನೆಯ ಕೋಣೆ ಎಲ್‌ಎನ್‌ಬಿಗೆ ಏನನ್ನೂ ಹೇಳಲಾರದು, ಮೊದಲನೆಯವರ ಕೃಪೆಯಲ್ಲಿ ನೋಡುತ್ತಿರುತ್ತದೆ. ಯಾರು ಹಚ್ಚಿದರೂ ಬಿಟ್ಟರೂ ಕೆಲವು ಚಾನೆಲ್ಲುಗಳು ಎಂದೂ ಬಾರದಿದ್ದರೆ, ಮೊದಲು ಸ್ಪ್ಲಿಟರಿನ ಮೈಮೇಲಿನ ಅಂಕಿ ನೋಡಿ. ಹಿಂದೆ ಹೇಳಿದ ಡ್ರಾಯರಿನ ಸ್ಪ್ಲಿಟರ್ 1000 ಮೆಗಾಹರ್ಟ್ಸ್‌ವರೆಗಿನ ಕೇಬಲ್ ಕಾಲದ್ದು, ಡಿಶ್ಶಿನ ತಂತಿಯ ಕೆಲಸ ಶುರುವಾಗುವುದೇ 950ರಿಂದ. ಹೆಚ್ಚಿನ ತರಂಗಾಂತರದ ಚಾನೆಲ್ಲುಗಳನ್ನು ಅದು ದಾಟಿಸಲಾರದು. ಆಮೇಲೆ ತಂತಿಯ ತುದಿಗಳನ್ನು ನೋಡಿ. ಹೊರಕವಚದ ಒಂದು ಎಳೆ ನಡುವಿನ ತಂತಿಗೆ ತಾಗಿರುವುದು, ಮಳೆನೀರು ಒಳಗಿಳಿದು ತಾಮ್ರ ಹಸಿರಾಗಿರುವುದು ಸಾಮಾನ್ಯ.

ಎರಡೂ ಪೆಟ್ಟಿಗೆಗಳಲ್ಲಿ ಗುಣಮಟ್ಟದ ಪಟ್ಟಿ ಕೆಳಗಿದ್ದು, ಮೋಡ ಕವಿದರೆ ಎರಡೂ ನಿಲ್ಲುವುದಾದರೆ ಮಾತ್ರ ಡಿಶ್ಶಿನ ಹತ್ತಿರ ಹೋಗಬೇಕು. ಎರಡು ಅಡಿಯ ಡಿಶ್ ನೋಡುವ ಆಕಾಶದ ಅಗಲ ಸುಮಾರು ಮೂರು ಡಿಗ್ರಿ. ಗಾಳಿಗೋ ಕೋತಿಗೋ ಅದು ಒಂದೂವರೆ ಡಿಗ್ರಿ ವಾಲಿದರೆ ಅರ್ಧ ಶಕ್ತಿ ಹೋಯಿತು. ಡಿಜಿಟಲ್ ಚಿತ್ರ ಹಳೆಯದರಂತೆ ಮೆಲ್ಲಗೆ ಮಂಕಾಗುವುದಿಲ್ಲ, ಕೊನೆಯ ಹನಿಯವರೆಗೂ ಚೆನ್ನಾಗಿದ್ದು ಒಮ್ಮೆಲೇ ಬೀಳುತ್ತದೆ. ಅಂಚಿನಲ್ಲೇ ನಿಂತಿದ್ದ ಡಿಶ್ಶಿಗೆ ಸ್ಪ್ಲಿಟರಿನ ಸಣ್ಣ ನಷ್ಟವೂ ನೆಪವಾಗಬಹುದು. ಆಗ ದುರ್ಬಲ ಎಂಬ ಮಾತು ನಿಜ.

ಪಕ್ಕದ ಮನೆಯಲ್ಲಿ ಬರೀ ಸ್ಪ್ಲಿಟರ್ ಹಾಕಿಯೇ ಎರಡೂ ಟಿವಿ ನಡೆಯುತ್ತಿವೆಯಲ್ಲ ಎಂಬ ಪ್ರಶ್ನೆ ಯಾವಾಗಲೂ ಬರುತ್ತದೆ. ನಡೆಯಬಹುದು. ಅವರ ಸೇವೆಯ ಚಾನೆಲ್ಲುಗಳೆಲ್ಲ ಒಂದೇ ಪಾಲಿನಲ್ಲಿದ್ದರೆ ಎರಡು ಪೆಟ್ಟಿಗೆಗಳೂ ಒಂದೇ ಅಪ್ಪಣೆ ಕಳುಹಿಸುತ್ತವೆ, ಘರ್ಷಣೆಯೇ ಬರುವುದಿಲ್ಲ. ಅದು ಸೈಟ್ ಕಾಲದ ಹಳ್ಳಿಯ ಸ್ಥಿತಿಯಂತೆಯೇ. ಎಲ್ಲರೂ ಒಂದನ್ನೇ ಕೇಳುವ ತನಕ ಒಂದು ಕಿವಿ ಸಾಕು.

ತಂತ್ರಜ್ಞಾನದ ಚರಿತ್ರೆಯನ್ನು ನಾವು ಬಹಳ ಸಲ ಉಪಗ್ರಹ, ಒಪ್ಪಂದ, ಕಾಯಿದೆಗಳ ಚರಿತ್ರೆಯಾಗಿ ಬರೆಯುತ್ತೇವೆ. ನನ್ನ ಪ್ರಬಂಧದ ಹೆಚ್ಚಿನ ಅಧ್ಯಾಯಗಳೂ ಹಾಗೇ ಇವೆ. ಆದರೆ ಒಂದು ಸ್ಪ್ಲಿಟರಿನ ಮೈಮೇಲಿನ ಅಂಕಿಯೂ ದಾಖಲೆಯೇ. ಒಂದು ವ್ಯವಸ್ಥೆ ಯಾರ ಮಾತು ಕೇಳುವಂತೆ ಕಟ್ಟಲ್ಪಟ್ಟಿತ್ತು ಎಂಬುದನ್ನು ಅದು ಹೇಳುತ್ತದೆ. 1975ರಲ್ಲಿ ಕಲಬುರಗಿಯ ಮಕ್ಕಳಿಗೆ ಆಕಾಶ ಕೊಟ್ಟದ್ದು ದಿನಕ್ಕೆ ಇಪ್ಪತ್ತೆರಡೂವರೆ ನಿಮಿಷ, ಅದನ್ನು ಯಾರೂ ಕಿತ್ತುಕೊಳ್ಳುವಂತಿರಲಿಲ್ಲ. 2020ರಲ್ಲಿ ಅದೇ ಜಿಲ್ಲೆಯ ಒಂದು ಮಗುವಿಗೆ ನೂರಾರು ಚಾನೆಲ್ಲುಗಳಿದ್ದವು, ಬೇಕಾದ ಒಂದು ಮಾತ್ರ ನಿಲ್ಲುತ್ತಿರಲಿಲ್ಲ. ನಡುವೆ ಕೊರತೆಯಾಗಿದ್ದದ್ದು ಇಪ್ಪತ್ತು ಮೀಟರ್ ತಂತಿ, ಒಂದು ಎರಡು ಬಾಯಿಯ ಎಲ್‌ಎನ್‌ಬಿ, ಮತ್ತು ಅಜ್ಜಿ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುವ ಒಬ್ಬರು.